ಐದನೆಯ ದಿನದ ಹಳದಿ

ರಸ್ತೆಗೆ ಬಣ್ಣದ ಗೆರೆ ಎಳೆಯುವ ಕೆಲಸದಲ್ಲಿ ಅವನು ಹದಿನಾಲ್ಕು ವರ್ಷ ಸವೆಸಿದ್ದ. ಜೊತೆಯವರಿಗೆ ಅವನು ‘ಗೆರೆಯಣ್ಣ’. ಬೇರೆಯವರಿಗೆ ಹಳದಿ ಎಂದರೆ ಬರೀ ಹಳದಿ. ಅವನಿಗೆ ನಿಂಬೆ ಹಳದಿ, ಮೊಟ್ಟೆ ಹಳದಿ, ಬಿಸಿಲಿಗೆ ಸತ್ತ ಹಳದಿ. ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಹಳೆಯ ಸರಕೋ ಹೊಸದೋ ಹೇಳಿಬಿಡುತ್ತಿದ್ದ.

ಮದುವೆಯಾಗಿ ಒಂಬತ್ತು ವರ್ಷಕ್ಕೆ ಮಗಳು ಹುಟ್ಟಿದಳು. ಐದನೆಯ ದಿನ ಬೆಳಿಗ್ಗೆ ಅತ್ತೆ ಮಗುವನ್ನು ಕಿಟಕಿಯ ಹತ್ತಿರ ಹಿಡಿದು, “ನೋಡಿ ಅಳಿಯಂದ್ರೇ, ಮೈಬಣ್ಣ ಹೇಗೆ ತಿರುಗ್ತಿದೆ! ಬಂಗಾರದ ಗೊಂಬೆ” ಎಂದು ಹಿಗ್ಗಿದರು.

ಅವನು ಬಗ್ಗಿ ನೋಡಿದ. ಎಳೆಯ ಎದೆಯ ಮೇಲೆ ಮೆಲ್ಲಗೆ ಬೆರಳೊತ್ತಿ ತೆಗೆದ. ಒತ್ತಿದ ಜಾಗವೂ ಹಳದಿ. ಕಣ್ಣಿನ ಬಿಳಿಯೂ ಹಳದಿ. ಮಗು ಹಾಲಿಗೂ ಅಳದೆ ಜೋತುಬಿದ್ದಿತ್ತು.

“ಹುಟ್ಟಿದ ಮಕ್ಕಳಿಗೆ ಇದೆಲ್ಲ ಇದ್ದದ್ದೇ. ಎರಡು ದಿನಕ್ಕೆ ತಾನೇ ಹೋಗುತ್ತೆ” ಎಂದರು ಅತ್ತೆ.

“ಇದು ಹೋಗೋ ಹಳದಿ ಅಲ್ಲ ಅತ್ತೆ. ಏರ್ತಿರೋ ಹಳದಿ. ಏಳೇ, ಆಸ್ಪತ್ರೆಗೆ ಹೋಗೋಣ” ಎಂದು ಹೆಂಡತಿಯನ್ನು ಎಬ್ಬಿಸಿದ.

ಪಕ್ಕದ ಮನೆಯವರ ವ್ಯಾನಿನಲ್ಲಿ ಕೂತಾಗ ತನ್ನ ಕೈ ನೋಡಿಕೊಂಡ. ಎಷ್ಟು ತಿಕ್ಕಿದರೂ ಹೋಗದ ಬಣ್ಣ ಉಗುರಿನ ಸಂದಿಯಲ್ಲಿತ್ತು. ನಿನ್ನೆ ಮಗಳು ಬಿಗಿಯಾಗಿ ಹಿಡಿದುಕೊಂಡದ್ದು ಇದೇ ಬೆರಳನ್ನಲ್ಲವೇ? ಕೈಯನ್ನು ಮಗುವಿನಿಂದ ದೂರ ಸರಿಸಿದ.

ಡಾಕ್ಟರಮ್ಮ ಹಿಮ್ಮಡಿಯಿಂದ ರಕ್ತ ತೆಗೆಸಿ ಪರೀಕ್ಷೆಯ ವರದಿ ನೋಡಿದರು. “ಕಾಮಾಲೆ ಇಪ್ಪತ್ತೊಂದು ಇದೆ. ತುಂಬಾ ಜಾಸ್ತಿ. ಬೆಳಕಿನ ಕೆಳಗೆ ಇಡ್ತೀವಿ. ಅದಕ್ಕೂ ಇಳೀದಿದ್ರೆ ರಕ್ತಾನೇ ಬದಲಾಯಿಸಬೇಕಾಗುತ್ತೆ. ಮೆದುಳಿಗೆ ಏರೋಕೆ ಬಿಡಬಾರದು.”

ಅವನು ಎರಡೂ ಅಂಗೈ ಚಾಚಿದ. “ಮೇಡಂ, ಇದು... ನನ್ನ ಕೈಯಿಂದ ಅಂಟಿದ್ದಾ?”

“ಅಲ್ಲಪ್ಪಾ. ಇದು ಅವಳ ರಕ್ತದಲ್ಲೇ ಹುಟ್ಟೋದು.”

ನಂಬಿಕೆ ಬರಲಿಲ್ಲ. ನಲ್ಲಿಯ ಕೆಳಗೆ ಕೈಯನ್ನು ಚರ್ಮ ಉರಿಯುವವರೆಗೂ ಉಜ್ಜಿದ. ಗಾಜಿನಾಚೆ ಕಣ್ಣಿಗೆ ಪಟ್ಟಿ ಕಟ್ಟಿದ ಮಗಳು ನೀಲಿ ಬೆಳಕಿನಲ್ಲಿ ಮಲಗಿದ್ದಳು. ಆ ಬೆಳಕಿನಲ್ಲಿ ಹಳದಿ ಇದೆಯೋ ಇಲ್ಲವೋ ಒಂದೂ ತಿಳಿಯದು. ಮೈಯೆಲ್ಲ ಬೂದಿಯಂತೆ ಕಂಡಿತು. ಇಷ್ಟು ವರ್ಷದ ಕಣ್ಣು ಕೈಕೊಟ್ಟಿತ್ತು. ಮಗುವಿನ ಹೊಟ್ಟೆ ಏರಿಳಿಯುವುದನ್ನು ಎಣಿಸುತ್ತ, ಒಂದು ತಪ್ಪಿದರೆ ತಾನೂ ಉಸಿರು ಬಿಗಿಹಿಡಿಯುತ್ತ ನಿಂತ.

ಮಾರನೆಯ ದಿನ ಹದಿನೇಳು. ಮೂರನೆಯ ದಿನ ಹನ್ನೊಂದು. ಮಗು ಕಿರುಚಿ ಅತ್ತಿತು. ಹೆಂಡತಿ ನಗುತ್ತಲೇ ಅತ್ತಳು.

ಮನೆಗೆ ಬಂದ ಮೇಲೂ ಅವನ ಪುಕುಪುಕು ನಿಲ್ಲಲಿಲ್ಲ. ಗಂಟೆಗೊಮ್ಮೆ ಮಗುವನ್ನು ಕಿಟಕಿಗೆ ಒಯ್ಯುತ್ತಿದ್ದ.

“ಸಾಕು ಬಿಡ್ರೀ, ಅವಳೇನು ನಿಮ್ಮ ರಸ್ತೆನಾ?” ಎಂದಳು ಹೆಂಡತಿ.

“ಇನ್ನೊಂದ್ಸಲ ಅಷ್ಟೇ” ಎಂದು ಅವನು ಪರದೆ ಸರಿಸಿದ.