ಆಯಿಗಾಗಿ ಮಣ್ಣು ಕೇಳಿದ್ದು

ಕಾಲುವೆ ನೀರು ಶಹಾಪುರದ ಹೊಲಗಳಿಗೆ ಬಂದ ಮೇಲೆ ಅಪ್ಪನ ಕಿರಾಣಿ ಅಂಗಡಿಗೆ ಬರುವವರು ಹೆಚ್ಚಾದರು, ನಮ್ಮ ಮನೆಗೆ ಬರುವವರು ಕಡಿಮೆಯಾದರು. ಪ್ರತಿ ಸೋಮವಾರ ಸಂಜೆ ಪಡಸಾಲೆಯಲ್ಲಿ ಲಿಂಗಪೂಜೆ, ಭಜನೆ ನಡೆಯುತ್ತಿದ್ದವು. ಬಂದವರ ಲೆಕ್ಕ ನಾನು ಡೈರಿಯಲ್ಲಿ ಬರೆದಿಡುತ್ತಿದ್ದೆ. ಮೊದಲ ಪುಟಗಳಲ್ಲಿ ಇಪ್ಪತ್ತರ ಮೇಲಿದ್ದಾರೆ. ಎಲ್ಲರೂ ಎರಡನೆಯ ಬೆಳೆಗೂ ಭತ್ತ ಹಚ್ಚಿದ ವರ್ಷ ಏಳು. ಆಮೇಲೆ ಒಂದು ಸೋಮವಾರದ ಎದುರಿಗೆ ‘ನಾವೇ’ ಎಂದಷ್ಟೇ ಇದೆ. ಆ ಸಂಜೆ ಬರಬೇಕಾದವರು, ಯಾರೋ ಹೊಸ ಟ್ರ್ಯಾಕ್ಟರ್ ತಂದ ಖುಷಿಗೆ, ಗೋಗಿ ರಸ್ತೆಯ ಬಾರಿನಲ್ಲಿ ಕೂತಿದ್ದರು. ಕಾಕಾನ ಮಕ್ಕಳಿಬ್ಬರು ಕೊರಳಿನ ಲಿಂಗ ತೆಗೆದು ದೇವರ ಜಗಲಿಯ ಮೇಲಿಟ್ಟುಬಿಟ್ಟರು. ಗದ್ದೆಯ ಕೆಸರಿಗೆ ಲಿಂಗ ಕಟ್ಟುವ ಶಿವದಾರ ಹೊಲಸಾಗುತ್ತದಂತೆ.

ಆ ಚಳಿಗಾಲದ ಕೊನೆಗೆ ಅಪ್ಪ ಅಬ್ಬೆತುಮಕೂರಿನ ಮಠದ ಮಂದಿಯ ಜೊತೆ ಕಾಶಿಗೆ ಹೋದವನು, ಅಲ್ಲಿಂದ ನೇಪಾಳಕ್ಕೂ ಹೋಗಿ ಶಿವರಾತ್ರಿ ನೋಡಿ ಬಂದ. ಅಲ್ಲಿ ರಾಜನೇ ಶಿವಭಕ್ತ, ಅಂಗಡಿಕಾರ ಹಣೆಗೆ ತಿಲಕ ಹಚ್ಚಿಕೊಳ್ಳದೆ ಬಾಗಿಲು ತೆರೆಯುವುದಿಲ್ಲ ಎಂದು ಹೇಳಿದ್ದನ್ನೇ ಹೇಳಿದ. ಮಗಳು, ಎಂದರೆ ನಾನು, ಅಂಥ ನಾಡಿನಲ್ಲಿ ಬೆಳೆಯಬೇಕು ಎಂದ. ಅಂಗಡಿ ಕಾಕಾನಿಗೆ ಬಿಟ್ಟು ಕಠ್ಮಂಡುವಿನಲ್ಲಿ ಬೇಳೆ ವ್ಯಾಪಾರ ಹಿಡಿಯುವುದೆಂದು ಠರಾವಾಯಿತು.

ಎದುರಿನ ಬಟ್ಟೆ ಅಂಗಡಿಯವನು ನಕ್ಕ. “ಸಾವ್ಕಾರ್ರ, ಶಿವ ಅಲ್ಲಿ ಅದಾನ, ಖರೆ. ಜ್ವಾಳದ ರೊಟ್ಟಿ ಅದಾವೇನ್ರಿ?”

ಅಪ್ಪನ ತಾಯಿ, ನಮ್ಮ ಆಯಿ, ನಗಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಅವರ ಪಾದದಿಂದಲೇ ಒಂಬತ್ತು ಪಾದ ಅಳೆದು ಗುಣಿ ತೋಡಿ, ಎಡಗೈಯಲ್ಲಿ ಅವರ ಲಿಂಗವಿಟ್ಟು, ಪೂಜೆಗೆ ಕೂತಂತೆಯೇ ಕೂಡಿಸಿ ಮಣ್ಣು ಕೊಡುತ್ತೇವೆ. ಆಯಿಗೆ ಉಳಿದಿದ್ದ ಆಸೆ ಅದೊಂದೇ.

“ನನಗ ಎಲ್ಲಿ ಕುಂಡ್ರಸ್ತಿ?” ಎಂದಳು.

“ಶಿವನ ನಾಡಿನ್ಯಾಗ ನಿನ್ನ ಒಂಬತ್ತು ಪಾದ ಜಾಗ ಸಿಗಂಗಿಲ್ಲೇನವ್ವ?”

ಅಪ್ಪ ಅದನ್ನು ನಂಬಿದ್ದ. ನಾನೂ ನಂಬಿದ್ದೆ. ಹೋಗುವ ಮೊದಲು ಯಾರನ್ನಾದರೂ ಕೇಳಬೇಕೆಂದು ನಮಗೆ ತೋಚಲೇ ಇಲ್ಲ. ಶಿವ ಒಬ್ಬನೇ ಆದ ಮೇಲೆ ಮಣ್ಣು ಬೇರೆ ಹೇಗಾದೀತು?

ಯಾದಗಿರಿಯಲ್ಲಿ ರೈಲು ಹತ್ತಿ, ದಸರೆಗೆ ಸ್ವಲ್ಪ ಮುಂಚೆ ಅಲ್ಲಿ ಮುಟ್ಟಿದೆವು. ಇಟ್ಟಂಗಿಯ ಓಣಿಯಲ್ಲಿ ಮೇಲಿನ ಎರಡು ಕೋಣೆ ಸಿಕ್ಕವು. ಮನೆಯೊಡೆಯ, ಅವನ ಹೆಂಡತಿ ಇಬ್ಬರೂ ಒಳ್ಳೆಯವರು. ಹಬ್ಬದ ದಿನ ಆಕೆ ದೇವಿಯ ಪ್ರಸಾದವೆಂದು ಎಲೆಯಲ್ಲಿ ಆಡಿನ ಮಾಂಸ ತಂದುಕೊಟ್ಟಳು. ಅವ್ವ ಎರಡೂ ಕೈಯಿಂದ ಇಸಕೊಂಡು, ಆಕೆ ಇಳಿದು ಹೋಗುವ ತನಕ ಹಾಗೇ ನಿಂತಿದ್ದಳು. ಬಿಸಾಡಿದರೆ ಪ್ರಸಾದ, ಇಟ್ಟುಕೊಂಡರೆ ಮಾಂಸ. ಕಡೆಗೆ ನಾಯಿಗೆ ಹಾಕಿದ್ದು ಆಕೆಯ ಕಣ್ಣಿಗೆ ಬಿದ್ದು, ಬಹಳ ದಿನ ಮಾತು ನಿಂತಿತು. ಕೊರಳಲ್ಲಿರುವುದು ತಾಯಿತವೇ ಎಂದು ಕೇಳದವರಿಲ್ಲ. ಅಪ್ಪ ಮೊದಮೊದಲು ಬಿಡಿಸಿ ಹೇಳುತ್ತಿದ್ದ, ಆಮೇಲೆ ಹೌದು, ತಾಯಿತ ಎನ್ನತೊಡಗಿದ. ಡೈರಿಯಲ್ಲಿ ಆ ತಿಂಗಳ ಲೆಕ್ಕ ಹೀಗಿದೆ: ಲಿಂಗ ಕಟ್ಟಿದವರು, ನಾವು ನಾಲ್ಕು. ಇತರರು, ಸೊನ್ನೆ.

ಶಿವನ ದೊಡ್ಡ ಗುಡಿಗೆ ಹೋದ ಸೋಮವಾರ ಆಯಿ ಹಿಂದಿನ ಹೊಳೆಯ ದಂಡೆಯಲ್ಲಿ ಸಾಲಾಗಿ ಹೆಣ ಸುಡುವುದನ್ನು ನೋಡಿದಳು. ಮನೆಗೆ ಬಂದು, ನನ್ನ ಊರಿಗೆ ಕಳಿಸು ಎಂದಳು. ವ್ಯಾಪಾರ ಕೈ ಹತ್ತಲಿ, ಶಿವರಾತ್ರಿ ಮುಗಿಸಿ ಹೋಗೋಣ ಎಂದ ಅಪ್ಪ. ಪುಷ್ಯದ ಚಳಿಗೆ ಆಯಿಯ ಎದೆ ಕಟ್ಟಿತು. ಪ್ರಯಾಣ ಮಾಡಿಸಿದರೆ ದಾರಿಯಲ್ಲೇ ಹೋಗುತ್ತಾಳೆ ಎಂದ ಡಾಕ್ಟರ್.

ಆಗ ಅಪ್ಪ ಮಣ್ಣು ಕೇಳಲು ಹೊರಟ. ಎಲ್ಲ ಕಡೆಯೂ ಒಂದೇ ಮಾತು: ಹಸುಗೂಸು, ಸನ್ಯಾಸಿ, ಇವರಿಬ್ಬರಿಗಷ್ಟೇ ಮಣ್ಣು, ಉಳಿದವರಿಗೆಲ್ಲ ಬೆಂಕಿ. ಕೊನೆಗೆ ಮನೆಯೊಡೆಯನೇ ಊರ ಹೊರಗಿನ ಸನ್ಯಾಸಿಗಳ ಮಠವೊಂದಕ್ಕೆ ಹೋಗಿ ಕೇಳಿ ಬಂದ. ಅವರಲ್ಲೂ ಕೂಡಿಸಿಯೇ ಹೂಳುತ್ತಾರಂತೆ, ಜಾಗ ಕೊಡುತ್ತಾರಂತೆ. ಆದರೆ ಆಕೆ ಮನೆ ಮಠ ಬಿಟ್ಟವಳಾಗಿರಬೇಕು. ತನ್ನವರೆಂದು ಹೇಳಿಕೊಳ್ಳುವವರು ಯಾರೂ ಇರಕೂಡದು.

ಅಪ್ಪ ಹಾಸಿಗೆಯ ಪಕ್ಕ ಕೂತು ಅದನ್ನೆಲ್ಲ ತಾಯಿಗೆ ಹೇಳಿದ. ನಾನು ಕಾಲ ಹತ್ತಿರ ಇದ್ದೆ.

“ಯಾರಿಲ್ಲಂತ ಹೇಳು,” ಎಂದಳು ಆಯಿ.

“ನಾ ಅದೀನಲ್ಲವ್ವ.”

“ನೀ ಇದ್ದದ್ದಕ್ಕ ಇಲ್ಲಿಗಿ ಬಂದೀನಿ.”

ಅವನೊಡನೆ ಆಡಿದ ಕೊನೆಯ ಮಾತು ಅದು. ಬುಧವಾರ ಬೆಳಿಗ್ಗೆ ಹೋದಳು. ಅವ್ವ ಮೈ ತೊಳೆದು ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬೆರಳು ಮಡಿಚಿ, ಬಿಳಿ ಅರಿವೆಯಿಂದ ಕಟ್ಟಿದಳು. ಇನ್ನು ಮುಂದೆ ಅಳುವ ಹಾಗಿರಲಿಲ್ಲ. ಸನ್ಯಾಸಿನಿಗೆ ಸೊಸೆ ಇರುವುದಿಲ್ಲ.

ಮಠದ ಬಾಗಿಲಲ್ಲಿ ಒಬ್ಬ ವಯಸ್ಸಾದ ಸನ್ಯಾಸಿ, ಈಕೆಗೆ ಮಕ್ಕಳಿದ್ದಾರೆಯೇ ಎಂದು ಹಿಂದಿಯಲ್ಲಿ ಕೇಳಿದ. ಅಪ್ಪ ಇಲ್ಲ ಎಂದ. ನೀವು ಯಾರು ಎಂದು ಕೇಳಿದ. ಈಕೆ ಇದ್ದ ಮನೆಯ ಬಾಡಿಗೆಯವರು ಎಂದ ಅಪ್ಪ. ಮಠದವರು ಆಯಿಯನ್ನು ಎತ್ತಿಕೊಂಡು ಒಳಗೆ ಹೋದರು. ಸಂಸಾರಸ್ಥರು ಗೋಡೆಯ ಹೊರಗೆ ನಿಲ್ಲಬೇಕಿತ್ತು, ನಿಂತೆವು. ಸಲಿಕೆಯ ಸದ್ದು ಮಾತ್ರ ಕೇಳುತ್ತಿತ್ತು. ಅವ್ವ ಸೆರಗು ಕಚ್ಚಿಕೊಂಡಿದ್ದಳು.

ಯುಗಾದಿಗೆ ಶಹಾಪುರಕ್ಕೆ ತಿರುಗಿ ಬಂದೆವು. ಸುದ್ದಿ ತಿಳಿದು ಸುರಪುರದಿಂದ ಆಯಿಯ ತಮ್ಮ ಬಂದ. ಪಡಸಾಲೆಯಲ್ಲಿ ಕೂತು, ಯಾವ ಊರು, ಯಾವ ದಿಕ್ಕು ಎಂದು ಎಲ್ಲ ಕೇಳಿದ ಮೇಲೆ, ಕುಂಡ್ರಿಸೀರೇನು ಎಂದ. ಅಪ್ಪ ಹೂಂ ಎಂದ.

“ಲಿಂಗ ಕೈಯಾಗ ಇತ್ತೇನು?”

“ನಾನೇ ಕಟ್ಟೀನ್ರಿ ಮಾಮಾ,” ಎಂದಳು ಅವ್ವ.

“ಕಟ್ಟಿದ್ದು ಕೇಳಿಲ್ಲವ್ವ. ಮಣ್ಣು ಹಾಕೂ ಮುಂದ ಇತ್ತೇನು?”

ಅಪ್ಪ ಅವ್ವನ ಕಡೆ ನೋಡಿದ. ಗೋಡೆಯ ಒಳಗೆ ಆದದ್ದನ್ನು ನಾವು ಯಾರೂ ನೋಡಿರಲಿಲ್ಲ. ಮುದುಕ ತನ್ನ ಮುಂದಿಟ್ಟ ನೀರು ಮುಟ್ಟದೆ ಎದ್ದು, ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಕಳಿಸಿ ಬರಲು ಅಪ್ಪ ಏಳಲಿಲ್ಲ.