ಬಾನೆಟ್ ಕೆಳಗಿನ ಅರ್ಧ ಸುತ್ತು

ಇವತ್ತು ಬೆಳಗ್ಗೆ ಮೊಬೈಲಿಗೊಂದು ಪ್ರಶ್ನೆ ಬಂತು. ಕಳಿಸಿದವರು ಬಂಗಾರಪೇಟೆಯ ಯಾರೋ ಕಾರು ಹುಚ್ಚಿನವರು, ಮುಖ ಕಂಡಿಲ್ಲ. ‘ಸಾರ್, ನನ್ನದು ಟರ್ಬೊ ಪೆಟ್ರೋಲ್ ಕಾರು. ಕಂಪನಿಯ ಇಸಿಯು ತೆಗೆಸಿ ಹೊರಗಿನದು ಹಾಕಿಸಿದ್ದೇನೆ. ಬೂಸ್ಟ್ ಕಂಟ್ರೋಲರ್ ಯಾವುದು ತಗೊಳ್ಳಲಿ? ನೀವು ಇದರಲ್ಲಿ ಪಳಗಿದವರು ಅಂದರು.’ ಪಳಗಿದವರು! ಒಬ್ಬನೇ ನಕ್ಕೆ. ಮಾಡೆಲ್ ಹೆಸರು ನೋಡಿ ಹೇಳೋಣವೆಂದು ಬೀರುವಿನ ಡ್ರಾಯರ್ ಎಳೆದರೆ, ಸೂಜಿ ದಾರ, ಹಳೇ ಬೀಗದ ಕೈಗಳ ನಡುವೆ ಅದು ಪ್ಲಾಸ್ಟಿಕ್ ಕವರಿನಲ್ಲೇ ಮಲಗಿತ್ತು: ಒಂದು ಸೊಲೆನಾಯ್ಡ್ ವಾಲ್ವು. ಮೂಗಿಗೆ ಹಿಡಿದರೆ ಹೊಸ ರಬ್ಬರಿನ ವಾಸನೆ ಇನ್ನೂ ಹಾಗೇ ಇದೆ.

ಕಾರಿನ ಗೋಜಿಗೆ ಹೋಗದ ಪುಣ್ಯವಂತರಿಗೆ ಎರಡು ಮಾತು. ಟರ್ಬೊ ಎಂದರೆ ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಸಾಧನ. ಒತ್ತಡ ಹೆಚ್ಚಿದರೆ ಓಟ ಹೆಚ್ಚು. ತೀರಾ ಹೆಚ್ಚಿದರೆ ಎಂಜಿನ್ ಕೈಲಾಸಕ್ಕೆ. ಎಷ್ಟು ಸಾಕು ಎಂದು ತಡೆಹಿಡಿಯುವುದೇ ಬೂಸ್ಟ್ ಕಂಟ್ರೋಲರ್. ಒಂದು ಬಗೆಯದಕ್ಕೆ ಬಾನೆಟ್ ಎತ್ತಿ ಕೈಯಲ್ಲೇ ತಿರುಗಿಸುವ ಸ್ಕ್ರೂ ಇರುತ್ತದೆ, ಬಡಪಾಯಿ. ಇನ್ನೊಂದು ಈ ಸೊಲೆನಾಯ್ಡ್. ಇದು ಇಸಿಯು, ಅಂದರೆ ಕಾರಿನ ಕಂಪ್ಯೂಟರ್, ಹೇಳಿದ್ದನ್ನಷ್ಟೇ ಕೇಳುತ್ತದೆ. ಲ್ಯಾಪ್‌ಟಾಪ್ ಹಚ್ಚದೆ ಯಾರೂ ಅದನ್ನು ಅಲುಗಾಡಿಸಲಾರರು. ಹೊರಗಿನ ಇಸಿಯು ಹಾಕಿಸಿದವನು ಸೊಲೆನಾಯ್ಡನ್ನೇ ತಗೊಳ್ಳಬೇಕು, ಅದೇ ಸರಿಯಾದ ಉತ್ತರ. ಕ್ಯಾಸಂಬಳ್ಳಿಗೆ ಹೆಣ್ಣು ನೋಡಲು ಹೋದಾಗ ತಟ್ಟೆಯ ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಗಿರಿಜಳನ್ನು ಒಪ್ಪಿದ್ದ ನಾನು, ನನ್ನ ಕಾರಿಗೆ ಇಷ್ಟು ತೀರ್ಮಾನಿಸಲು ಇಡೀ ಒಂದು ಚಳಿಗಾಲ ತೆಗೆದುಕೊಂಡೆ.

ನಾನು ದಾವಣಗೆರೆ ಕಡೆಯವನು. ಕೆಜಿಎಫ್‌ನ ಫ್ಯಾಕ್ಟರಿ ಕೆಲಸ ನನ್ನನ್ನು ಇಲ್ಲಿಗೆ ತಂದು ಕೂರಿಸಿತು. ಗಿರಿಜ ಬಂಗಾರಪೇಟೆಯ ಶಾಲೆಯಲ್ಲಿ ಟೀಚರು. ನನಗೆ ಮಧ್ಯಾಹ್ನದ ಪಾಳಿ, ಅವಳು ಮನೆಗೆ ಬರುವಾಗ ನಾನಿಲ್ಲ. ನಾನು ಬರುವಾಗ ಅವಳಿಗೆ ನಿದ್ದೆ. ನಾವಿಬ್ಬರೇ ಬಾಯಿತುಂಬ ಮಾತಾಡಲು ಸಿಗುತ್ತಿದ್ದದ್ದು ಬೆಳಗ್ಗೆ ಅವಳನ್ನು ಶಾಲೆಗೆ ಬಿಡುವ ದಾರಿಯೊಂದೇ. ಆ ದಾರಿಯನ್ನು ಬೇಗ ಮುಗಿಸಲೆಂದು ನಾನು ಟರ್ಬೊಗೆ ದುಡ್ಡು ಸುರಿದೆ ನೋಡಿ, ನನ್ನ ಬುದ್ಧಿಗೆ ಏನೆನ್ನಬೇಕು!

ಮೊದಲು ಹಾಕಿಸಿದ್ದು ಸ್ಕ್ರೂ ಇರುವುದನ್ನೇ. ಇಲ್ಲಿನ ಚಾಂಪಿಯನ್ ರೀಫ್ಸ್ ಬಡಾವಣೆಯಲ್ಲಿ ಶೆಡ್ ಇಟ್ಟಿದ್ದ ಮೆಕ್ಯಾನಿಕ್ ಮುರುಗನ್ ನಮ್ಮ ಅಂಗಳಕ್ಕೇ ಬಂದು ಕೂರಿಸಿದ. ಗಿರಿಜ ಟೀ ತಂದವಳು ಬಾನೆಟ್ಟಿನೊಳಗೆ ಬಗ್ಗಿ ನೋಡಿದಳು.

“ಇದ್ಯಾಕಣ್ಣ ಇಂಗೆ ತಿರುಗಿಸ್ತೀಯ?”

“ರೈಟಿಗೆ ತಿರುಗಿಸಿದ್ರೆ ಓಡುತ್ತೆ ಅಕ್ಕಾ, ಲೆಫ್ಟಿಗೆ ತಿರುಗಿಸಿದ್ರೆ ನಡೆಯುತ್ತೆ. ಅವ್ಳೋದಾನ್, ಅಷ್ಟೇ! ನೇಲ್ ಪಾಲಿಶ್ ಇದ್ರೆ ಕೊಡಿ.”

ಅವಳ ಕೆಂಪು ಬಣ್ಣದಿಂದ ಸ್ಕ್ರೂ ಮೇಲೂ ನಟ್ಟಿನ ಮೇಲೂ ಒಂದೇ ಗೆರೆ ಎಳೆದ. ಸ್ಕ್ರೂ ಜರುಗಿದರೆ ಗೆರೆ ಒಡೆಯುತ್ತದೆ, ಆಗ ಗೊತ್ತಾಗುತ್ತದೆ ಎಂದ.

ಮೊದಲ ದಿನ ನಾನು ಕಾಲೊತ್ತಿದ್ದೇ ತಡ, ಗಿರಿಜಳ ತಲೆ ಸೀಟಿಗೆ ಬಡಿಯಿತು, ಡಬ್ಬಿಯ ಸಾರು ಸೀರೆ ಮೇಲೆ ಚೆಲ್ಲಿತು. ಶಾಲೆಯ ಮುಂದೆ ಇಳಿದು, “ನಾಳೆಯಿಂದ ನಾನು ಬಸ್ಸಲ್ಲಿ ಓಗ್ತೀನಿ. ನೀವೂ ನಿಮ್ ರಾಕೆಟ್ಟೂ ಸಂದಾಗಿರಿ” ಎಂದಳು. ಹಾಗೇ ಮಾಡಿದಳು ಕೂಡ. ಎರಡು ದಿನ ಪಕ್ಕದ ಸೀಟು ಖಾಲಿ. ರಾಕೆಟ್ಟಿಗೆ ಹೋಗಲು ಊರೇ ಇಲ್ಲ. ನನಗೆ ಒಂದು ಚೂರೂ ಸೇರಲಿಲ್ಲ, ಆದರೆ ಸೋಲೊಪ್ಪುವ ಜಾಯಮಾನವೂ ನನ್ನದಲ್ಲ. ಮೂರನೇ ಬೆಳಗ್ಗೆ ಅವಳೇ ಬಂದು ಕೂತಳು. ಆಹಾ, ದಾರಿಗೆ ಬಂದಳು ಅಂದುಕೊಂಡೆ. ಅಷ್ಟೇ ಅಲ್ಲ, ಅಂದಿನಿಂದ ನಾನು ಗಡ್ಡ ಕೆರೆದು ಬರುವಷ್ಟರಲ್ಲಿ ಕಾರಿನ ಗಾಜಿನ ಮೇಲಿನ ಇಬ್ಬನಿ ಒರೆಸಿಟ್ಟಿರುತ್ತಿದ್ದಳು. ಕಾರಿನ ಮೇಲೆ ಅವಳಿಗೂ ಮಮತೆ ಹುಟ್ಟಿತೆಂದು ಎದೆ ಉಬ್ಬಿತು.

ಆಗ ಶುರುವಾಯಿತು ಪೀಡೆ. ಒತ್ತಡ ತೋರಿಸುವ ಮೀಟರಿನ ಮುಳ್ಳು ಮೊದಲಿನಷ್ಟು ಏರುತ್ತಿಲ್ಲ. ಬಾನೆಟ್ ಎತ್ತಿದರೆ ಕೆಂಪು ಗೆರೆ ನೆಟ್ಟಗಿದೆ. ನಾನು ಸ್ಕ್ರೂವನ್ನು ಅರ್ಧ ಸುತ್ತು ಬಿಗಿಮಾಡಿ, ಹೊಸ ಗೆರೆ ಎಳೆದು ಬಂದರೆ ನಾಲ್ಕು ದಿನದಲ್ಲಿ ಮತ್ತೆ ಅದೇ ಕಥೆ. “ಸ್ಪ್ರಿಂಗ್ ಸರಿ ಇದೆ ಸಾರ್, ನಿಮ್ ನಸೀಬೇ ಸರಿ ಇಲ್ಲ” ಎಂದು ಮುರುಗನ್ ಕೈಚೆಲ್ಲಿದ. ನಾನು ಬಿಡುವವನೇ? ಸಿದ್ಧಾಂತವೊಂದನ್ನು ಹುಟ್ಟಿಸಿದೆ. ಕೆಜಿಎಫ್ ನೆಲದಡಿ ಪೂರಾ ಗಣಿಯ ಸುರಂಗ. ನೆಲ ಪೊಳ್ಳು, ಆದ್ದರಿಂದ ಅದುರುವುದು ಜಾಸ್ತಿ. ಅದಕ್ಕೆ ಚಳಿ ಸೇರಿ ಸ್ಪ್ರಿಂಗ್ ಸೋಲುತ್ತದೆ. ಕಾರಿನವರ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಉದ್ದಕ್ಕೆ ಬರೆದೆ. ಗಣಿಯೇ ಇಲ್ಲದ ಊರಿನವರೂ ‘ನಮ್ಮದೂ ಹೀಗೇ ಸಾರ್’ ಎಂದರು. ನಾನು ಪಳಗಿದವನಾದದ್ದು ಹೀಗೆ.

ಕಡೆಗೆ ಸ್ಕ್ರೂವಿನ ಸಹವಾಸವೇ ಬೇಡವೆಂದು ಸೊಲೆನಾಯ್ಡ್ ತರಿಸಿ ಗಿರಿಜಳ ಕೈಗಿಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದ್ರಲ್ಲಿ ಸ್ಕ್ರೂ ಎಲ್ಲೈತೆ?”

“ಇಲ್ಲ. ಅದೇ ಇದರ ಹೆಚ್ಚುಗಾರಿಕೆ. ಇನ್ನು ಯಾರೂ ಮುಟ್ಟುವ ಹಾಗಿಲ್ಲ.”

ಅವಳ ಮುಖ ಇಳಿದುಹೋಯಿತು. “ಅಂಗಾರೆ ನಂಗೆ ಬಸ್ಸೇ ಗತಿ ಬುಡಿ.”

ಕಾರು ಒರೆಸುವ ಬಟ್ಟೆ, ನೇಲ್ ಪಾಲಿಶ್ ಬಾಟಲಿ, ನನ್ನ ಗಡ್ಡದ ಹೊತ್ತು, ಎಲ್ಲ ಒಟ್ಟಿಗೆ ತಲೆಗೆ ಬಂದು ಬಡಿಯಿತು. “ನೀನಾ?” ಎಂದೆ.

“ಇನ್ಯಾರು, ನಿಮ್ ಸುರಂಗಾನಾ? ಅರ್ಧ ಸುತ್ತು ಇಳಿಸಿ, ಗೆರೆ ಒರೆಸಿ ಇನ್ನೊಂದು ಎಳೀತಿದ್ದೆ. ಒಂದ್ ಬಾಟ್ಲು ಬಣ್ಣ ಕಾರಿಗೇ ಆಯ್ತು, ನನ್ ಉಗುರಿಗೆ ಒಂದ್ ತೊಟ್ಟಿಲ್ಲ.”

“ಬಾಯಿಬಿಟ್ಟು ಹೇಳಬಾರದಿತ್ತೇ?”

“ಏಳಿದ್ನಲ್ಲ, ಕಿವಿಗಾಕ್ಕೊಂಡ್ರಾ? ಎರಡ್ ದಿನ ಬಸ್ಸಲ್ಲಿ ಓದೆ. ಪಕ್ಕದಲ್ಲಿ ಯಾರೋ ಕೋಳಿ ಬುಟ್ಟಿ ಮಡಿಕ್ಕೊಂಡು ಕುಂತಿದ್ರು. ನನ್ ಗಂಡನ ಪಕ್ಕ ಕುಂತ್ಕೊಳ್ಳೋಕೂ ಇಷ್ಟು ಕಷ್ಟ ಬೀಳ್ಬೇಕಾ ಅಂತ ಅಳು ಬಂತು ಕಣ್ರೀ.”

ವಾಲ್ವನ್ನು ಅವಳ ಕೈಯಿಂದ ತೆಗೆದುಕೊಂಡೆ. ಸಿಟ್ಟೂ ಬಂತೆನ್ನಿ, ಅಷ್ಟು ಚೆಂದದ ಸಿದ್ಧಾಂತ ಮಣ್ಣುಪಾಲಾಯಿತಲ್ಲ! ವಾಲ್ವು ಡ್ರಾಯರ್ ಸೇರಿತು. ಸ್ಕ್ರೂ ಉಳಿಯಿತು. ಈಗಲೂ ಒಮ್ಮೊಮ್ಮೆ ಕೈ ಸುಮ್ಮನಿರದೆ ನಾನು ಬಿಗಿಮಾಡುತ್ತೇನೆ, ಬೆಳಗಾಗುವಾಗ ಅವಳು ಸಡಿಲಿಸುತ್ತಾಳೆ. ಆ ವಿಷಯ ಇಬ್ಬರೂ ಎತ್ತುವುದಿಲ್ಲ. ಬಂಗಾರಪೇಟೆಯವರೆಗೆ ಮಾತಾಡಲು ಬೇರೆ ಎಷ್ಟೋ ಇರುತ್ತದೆ.

ವಾಲ್ವನ್ನು ಕೈಯಲ್ಲಿ ಹಿಡಿದೇ ಆ ಅಪರಿಚಿತರಿಗೆ ಬರೆದೆ: ‘ನಿಮಗೆ ಮದುವೆಯಾಗಿದೆಯೇ?’

‘ಇಲ್ಲ ಸಾರ್. ಯಾಕೆ?’

‘ಹಾಗಾದರೆ ಸೊಲೆನಾಯ್ಡ್ ಹಾಕಿಸಿ. ನನ್ನ ಹತ್ತಿರ ಹೊಸದೊಂದು ಇದೆ, ಬಂದು ಸುಮ್ಮನೆ ತಗೊಂಡು ಹೋಗಿ.’

“ಯಾರ್ಗೆ ಕೊಡ್ತಾ ಇದೀರಿ ಅದ್ನ?” ಗಿರಿಜ ಬಾಗಿಲಲ್ಲಿ ನಿಂತಿದ್ದಳು.

“ಮದುವೆಯಾಗದವನೊಬ್ಬನಿಗೆ.”

“ಪಾಪ” ಎಂದಳು. “ಮದ್ವೆಯಾದ್ಮೇಲೆ ವಾಪಸ್ ತಂದ್ಕೊಡೋಕೆ ಏಳಿ.” ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಹೊರಟಳು.

ನಿನ್ನೆ ರಾತ್ರಿ ಪಾಳಿ ಮುಗಿಸಿ ಬಂದವನು ಸ್ಕ್ರೂ ಸ್ವಲ್ಪ ಬಿಗಿಮಾಡಿದ್ದೆ. ಗಡ್ಡ ಆಗಲೇ ಕೆರೆದಾಗಿತ್ತು. ಆದರೂ ಹೋಗಿ ಕನ್ನಡಿಯ ಮುಂದೆ ನಿಂತೆ.