ಮೊಹರು ಒತ್ತದ ಒಡತಿ

ಮಾಸೆನಾತೆ ಎಂದರೆ ಸೆನಾತೆಯ ತಾಯಿ. ಮದುವೆಯ ದಿನವೇ ಅತ್ತೆ ಇಟ್ಟ ಹೆಸರು ಅದು. ಸೆನಾತೆ ಎಂಬ ಮಗಳು ಮಾತ್ರ ಹುಟ್ಟಲೇ ಇಲ್ಲ, ಹುಟ್ಟಿದ್ದು ಇಬ್ಬರು ಗಂಡುಮಕ್ಕಳು. ಇಲ್ಲದ ಮಗಳ ತಾಯಿಯಾಗಿಯೇ ಅವಳು ಲೆಸೊಥೊದ ಬೆಟ್ಟಗಳ ನಡುವೆ, ಸೆಂಕು ನದಿಯ ದಡದ ಹಾ-ರಮೊಕ್ವಾ ಎಂಬ ಊರಿನಲ್ಲಿ ಮೂವತ್ತು ವರ್ಷ ಬಾಳಿದಳು. ಗಂಡ ಆ ಊರಿನ ಒಡೆಯ. ಅವನು ತೀರಿಕೊಂಡ ಮೇಲೆ ಪದ್ಧತಿಯಂತೆ ಅವನ ಕುರ್ಚಿ, ಅವನ ಜಗಳಗಳು ಮತ್ತು ಒಂದು ಮರದ ಮೊಹರು ಅವಳ ಪಾಲಿಗೆ ಬಂದವು.

ಆ ಮೊಹರು ಬೀಳದೆ ಊರಿನಲ್ಲಿ ಏನೂ ನಡೆಯುತ್ತಿರಲಿಲ್ಲ. ಹಸು ಮಾರಬೇಕೇ, ಹೆಣ ಹೂಳಬೇಕೇ, ಮಗಳಿಗೆ ಪಾಸ್‌ಪೋರ್ಟ್ ಬೇಕೇ, ಎಲ್ಲದಕ್ಕೂ ಒಡತಿಯ ಮೊಹರು. ಆದರೆ ಒತ್ತುವುದಷ್ಟೇ ಅವಳ ಕೆಲಸ. ಕಾಗದದಲ್ಲಿ ಏನಿರಬೇಕೆಂದು ಅವಳನ್ನು ಯಾರೂ ಕೇಳುತ್ತಿರಲಿಲ್ಲ. ತಂದವರು ತೋರಿಸಿದ ಜಾಗದಲ್ಲಿ ಅವಳು ಹನ್ನೊಂದು ವರ್ಷ ಒತ್ತಿದ್ದೇ ಒತ್ತಿದ್ದು. ಅವಳು ಅಂಜುಬುರುಕಿ, ಅದನ್ನು ಮುಚ್ಚಿಡುವುದೇಕೆ? ಒಡೆಯರ ನೇಮಕ ಸರ್ಕಾರದ ಪಟ್ಟಿಯಲ್ಲಿರುತ್ತದೆ, ರಾಜಧಾನಿಯಲ್ಲಿ ಯಾರಿಗಾದರೂ ಸಿಟ್ಟು ಬಂದರೆ ಹೆಸರು ಹೊಡೆದುಹಾಕಬಹುದು ಎಂದು ಅವಳು ಗಟ್ಟಿಯಾಗಿ ನಂಬಿದ್ದಳು.

ಊರಿಗೆ ಬೇಕಾಗಿದ್ದುದು ನಡೆದು ದಾಟುವಷ್ಟು ಅಗಲದ ಒಂದು ಸೇತುವೆ. ಹತ್ತು ವರ್ಷದಲ್ಲಿ ನಾಲ್ಕು ಸರ್ಕಾರಗಳು ಬಂದವು, ಬಿದ್ದವು. ಪ್ರತಿ ಸರ್ಕಾರವೂ ಅಳತೆಪಟ್ಟಿ ಹಿಡಿದ ಒಬ್ಬನನ್ನು ಕಳಿಸಿ ನದಿಯ ಅಗಲ ಅಳೆಸಿತು. ನಾಲ್ಕು ಸಲ ಅಳೆದರೂ ನದಿ ಅಷ್ಟೇ ಅಗಲವಿತ್ತು. ದಾಟಲು ಇದ್ದದ್ದು ಒಂದು ದೋಣಿ, ಅದೂ ಸಂಜೆ ನಾಲ್ಕರವರೆಗೆ ಮಾತ್ರ. ದಿನ ತುಂಬಿದ ಬಸುರಿಯರು ಒಂದು ವಾರ ಮೊದಲೇ ಆಸ್ಪತ್ರೆಯಿರುವ ಆಚೆ ದಡಕ್ಕೆ ಹೋಗಿ, ಗುರುತಿದ್ದವರ ಮನೆಯಲ್ಲಿ ಕಾಯುತ್ತಿದ್ದರು.

ಹೀಗಿರುವಾಗ ಒಂದು ಚಳಿಗಾಲ, ಸಂವಿಧಾನ ತಿದ್ದುವ ಮುನ್ನ ಜನರ ಅಭಿಪ್ರಾಯ ಬರೆದುಕೊಳ್ಳಲು ಖೆಥಿಸಾ ಎಂಬ ಅಧಿಕಾರಿ ಬಂದ. ಕಾರನ್ನು ಆಚೆ ದಡದಲ್ಲಿ ಬಿಟ್ಟು ದೋಣಿಯಲ್ಲಿ ದಾಟಿದ್ದ, ಪಟ್ಟಣದ ಬೂಟು ನೆನೆದಿತ್ತು. ಮಾಸೆನಾತೆ ಊರ ಸಭೆ ಕರೆದಳು. ಕಂಬಳಿ ಹೊದ್ದ ಜನ ದನದ ದೊಡ್ಡಿಯ ಕಲ್ಲುಗೋಡೆಗೆ ಒರಗಿ ಬಿಸಿಲಿಗೆ ಕುಳಿತರು.

ಖೆಥಿಸಾ ಪ್ರಶ್ನೆ ಓದಿದ. ನಮ್ಮ ದೊರೆ ಈಗ ಮಂತ್ರಿಗಳು ಹೇಳಿದಂತೆ ಸಹಿ ಹಾಕುತ್ತಾರೆ, ಅವರಿಗೆ ಹೆಚ್ಚಿನ ಅಧಿಕಾರ ಬೇಕೇ ಬೇಡವೇ? ಹೌದು ಎನ್ನುವವರು ಕೈ ಎತ್ತಿ ಎಂದ. ಯಾರೂ ಎತ್ತಲಿಲ್ಲ. ಊರ ಸಭೆಯಲ್ಲಿ ಕೈ ಎತ್ತುವುದಿಲ್ಲ, ಎದ್ದು ನಿಂತು ಟೋಪಿ ತೆಗೆದು ಮಾತಾಡುತ್ತಾರೆ. ಮಾತಾಡಿದರು ಕೂಡ, ಒಬ್ಬರಾದ ಮೇಲೆ ಒಬ್ಬರು. ಮಂತ್ರಿಗಳನ್ನೆಲ್ಲ ಓಡಿಸಿ ದೊರೆಯ ಕೈಗೆ ಕೊಡಿ ಎಂದರು. ಸೈನ್ಯ ಕೊಡಿ, ಖಜಾನೆ ಕೊಡಿ, ಅಳತೆಪಟ್ಟಿಯನ್ನೂ ಅವರಿಗೇ ಕೊಡಿ ಎಂದು ಒಬ್ಬಳು ಹೇಳಿದಾಗ ನಗೆ ಎದ್ದಿತು. ಖೆಥಿಸಾ 'ಹೌದು' ಎಂಬ ಕಡೆ ಗೀಟು ಹಾಕುತ್ತ ಹೋದ. ಸೇತುವೆಯ ಮಾತಿಗೆ ಅವನ ಹಾಳೆಯಲ್ಲಿ ಜಾಗವಿರಲಿಲ್ಲ.

ಮೂರೂವರೆಯಾಗುತ್ತಲೇ ಅವನು ಗಡಿಯಾರ ನೋಡಿಕೊಂಡ. ಇನ್ನೂ ಇಪ್ಪತ್ತು ಮಂದಿ ಮಾತಾಡುವುದಿತ್ತು. ಆಗ ಅವನು ಆ ಬೆಟ್ಟಗಳಲ್ಲಿ ಯಾರೂ ಮಾಡದ ಕೆಲಸ ಮಾಡಿದ. ತಾನೇ ಎದ್ದು ನಿಂತು, ಸಭೆ ಮುಗಿಸುವ ಮಾತನ್ನು ಕೂಗಿದ: "ಶಾಂತಿ, ಮಳೆ, ಸಮೃದ್ಧಿ."

ಸಭೆ ತಿರುಗಿ 'ಮಳೆ' ಎನ್ನಬೇಕಿತ್ತು. ಒಂದು ನರಪಿಳ್ಳೆಯೂ ಬಾಯಿ ಬಿಡಲಿಲ್ಲ, ಜಾಗ ಬಿಟ್ಟು ಏಳಲೂ ಇಲ್ಲ. ಸಭೆ ಕರೆದವರೇ ಅದನ್ನು ಮುಗಿಸಬೇಕು, ಅದೂ ಎಲ್ಲರೂ ಮಾತಾಡಿದ ಮೇಲೆ. ಎಲ್ಲರ ಕಣ್ಣೂ ಮಾಸೆನಾತೆಯ ಕಡೆ ತಿರುಗಿತು.

ಖೆಥಿಸಾ ಹಾಳೆಯನ್ನು ಅವಳ ಮುಂದಿಟ್ಟ. 'ಎಲ್ಲರ ಮಾತನ್ನೂ ಕೇಳಲಾಯಿತು' ಎಂದು ಕೆಳಗೆ ಅಚ್ಚಾಗಿತ್ತು, ಅದರ ಪಕ್ಕದಲ್ಲಿ ಮೊಹರಿಗೆ ಖಾಲಿ ಚೌಕ. ಅವಳ ಕೈ ಅಭ್ಯಾಸಬಲದಿಂದ ಮೊಹರನ್ನು ಎತ್ತಿತ್ತು. ಆ ಸಾಲನ್ನು ಎರಡು ಸಲ ಓದಿ ಅವಳು ಮೊಹರನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಎಲ್ಲರದ್ದೂ ಕೇಳಿಲ್ವಲ್ಲಪ್ಪ," ಎಂದಳು.

"ದೋಣಿ ಹೊರಟೋಗುತ್ತೆ ಕಣಮ್ಮ."

"ಹೋಗುತ್ತೆ. ನಮಗೂ ದಿನಾ ಹಂಗೇ ಹೋಗುತ್ತೆ."

ಕೆಲಸಕ್ಕೆ ಅಡ್ಡಿ ಮಾಡಿದರೆಂದು ಇಲಾಖೆಗೆ ಬರೆಯಬೇಕಾಗುತ್ತದೆ, ನಿಮ್ಮ ಕುರ್ಚಿಯ ಗತಿ ನೀವೇ ನೋಡಿಕೊಳ್ಳಿ ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ. ಹನ್ನೊಂದು ವರ್ಷ ಅವಳು ಹೆದರಿದ್ದು ಇದಕ್ಕೇ. ಅದು ಎದುರಿಗೇ ಬಂದು ನಿಂತಾಗ ಹೆದರಿಕೆ ಕಡಿಮೆಯೇನೂ ಆಗಲಿಲ್ಲ. ಆದರೂ ಅವಳು ಮುಂದಿನವನ ಹೆಸರು ಹಿಡಿದು ಕರೆದಳು.

ಕತ್ತಲಾಗುವ ಹೊತ್ತಿಗೆ ಸಭೆಯನ್ನು ಮರುದಿನಕ್ಕೆ ಮುಂದೂಡಿದಳು. ಖೆಥಿಸಾನಿಗೆ ಅವಳ ಮನೆಯಲ್ಲೇ ಮೆಕ್ಕೆಜೋಳದ ಮುದ್ದೆ, ಸೊಪ್ಪಿನ ಪಲ್ಯ, ಹೊದೆಯಲು ಗಂಡನ ಕಂಬಳಿ. ಸಿಟ್ಟಿನಲ್ಲಿದ್ದರೂ ಎರಡು ಸಲ ಬಡಿಸಿಕೊಂಡ. ಬೆಳಿಗ್ಗೆ ನದಿಯಂಚಿನಲ್ಲಿ ನೀರು ಹೆಪ್ಪುಗಟ್ಟಿದ್ದರಿಂದ ದೋಣಿ ಹೊರಡಲಿಲ್ಲ. ದಡದಲ್ಲಿ ಒಬ್ಬ ಬಸುರಿ ಗಂಟು ಹಿಡಿದು ಕುಳಿತಿದ್ದಳು. ಖೆಥಿಸಾ ಅವಳ ಪಕ್ಕದಲ್ಲಿ ನಿಂತು ಒಂದಷ್ಟು ಹೊತ್ತು ಕಾದು, ಸಭೆಗೆ ಬಂದು ಕುಳಿತ.

ಕೊನೆಗೆ ಎದ್ದವನು ಫಾಕ್ವೆ. ಜೋಹಾನ್ಸ್‌ಬರ್ಗಿನ ಗಣಿಯಲ್ಲಿ ದುಡಿದು ಕೆಮ್ಮು ಹೊತ್ತು ಬಂದ ಮುದುಕ. ಟೋಪಿ ತೆಗೆದ, ಕೆಮ್ಮಿ ಮುಗಿಸಿದ.

"ಸರ್ಕಾರದ ಮೇಲೆ ನಂಗೂ ಹೊಟ್ಟೆ ಉರಿಯುತ್ತೆ. ಆದ್ರೆ ಎಲ್ಲಾನೂ ದೊರೆ ಕೈಗೆ ಕೊಟ್ಟುಬಿಟ್ರೆ, ನಾಳೆ ಇನ್ಯಾವನೋ ಕೆಟ್ಟ ದೊರೆ ಬಂದ್ರೆ ಅವನಿಗೆ ಹೇಳೋರು ಯಾರು? ನಿನ್ನೆ ನಮ್ಮ ಒಡತಿ ಏನು ಮಾಡಿದ್ಲು? ಯಾರನ್ನೂ ಓಡಿಸ್ಲಿಲ್ಲ, ಹೊಡೀಲಿಲ್ಲ. ಜನ ಇನ್ನೂ ಮುಗಿಸಿಲ್ಲ, ಕೂತ್ಕೊಳ್ಳಿ ಅಂದ್ಲು ಅಷ್ಟೆ. ದೊರೆ ಸಹಿ ಹಾಕದಿದ್ರೂ ರಾಜಧಾನೀಲಿ ಮಂತ್ರಿಗಳ ಕೆಲಸ ನಡೆಯುತ್ತಂತೆ. ಹಂಗೆ ನಡೀಬಾರ್ದು. ಇವಳಷ್ಟು ಅಧಿಕಾರ ಅವರಿಗೂ ಇರ್ಲಿ, ಸಾಕು."

ಗೋಡೆಯುದ್ದಕ್ಕೂ ಗುಜುಗುಜು ಹಬ್ಬಿತು. ನಿನ್ನೆ ಖಜಾನೆ ಕೊಡಿ ಎಂದವರೂ ತಲೆದೂಗಿದರು. ಮಾಸೆನಾತೆಗೆ ಮುಖ ಎತ್ತಲಾಗಲಿಲ್ಲ. ತಾನು ಮಾಡಿದ್ದು ಅಧಿಕಾರ ಎಂದು ಅವಳಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ, ಹೆದರುತ್ತಲೇ ಮಾಡಿದ್ದರಿಂದ ಅವಳು ಅದನ್ನು ಹೆದರಿಕೆ ಎಂದೇ ತಿಳಿದಿದ್ದಳು.

ಇದಕ್ಕೆ ಹೌದೂ ಇಲ್ಲ, ಇಲ್ಲವೂ ಇಲ್ಲ, ಎಲ್ಲಿ ಬರೆಯಲಿ ಎಂದು ಖೆಥಿಸಾ ಕೇಳಿದ. ಹಾಳೆಗೆ ಹಿಂಬದಿ ಇದೆಯಲ್ಲ ಎಂದಳು ಮಾಸೆನಾತೆ. ಅವನು ಹಾಳೆ ತಿರುಗಿಸಿ ಮುದುಕನ ಮಾತನ್ನು ಬರೆದು, ಗಟ್ಟಿಯಾಗಿ ಓದಿ, ಸರಿಯೇ ಎಂದು ಕೇಳಿದ. ಫಾಕ್ವೆ ಎರಡು ಕಡೆ ತಿದ್ದಿಸಿದ.

ಉಳಿದದ್ದು ಒಂದೇ ಸಾಲು. ಸಭೆ ಒಂದು ದಿನಕ್ಕಿಂತ ಹೆಚ್ಚು ನಡೆದರೆ ಕಾರಣ ಬರೆಯಬೇಕು. ಪೆನ್ನು ಅಲ್ಲಿ ನಿಂತಿತು.

"ನನ್ ಹೆಸರೇ ಬರ್ಕೊಳ್ಳಪ್ಪ," ಎಂದಳು ಮಾಸೆನಾತೆ. "ನಾನು ಹೆದರಲ್ಲ."

ಖೆಥಿಸಾ ಬರೆದು ಹಾಳೆಯನ್ನು ಅವಳ ಕಡೆ ತಳ್ಳಿದ. ಅಲ್ಲಿ ಅವಳ ಹೆಸರಿರಲಿಲ್ಲ. ಎರಡೇ ಪದಗಳಿದ್ದವು: ಸೇತುವೆ ಇಲ್ಲ.

ಅವಳು ಮೊಹರು ಒತ್ತಿದಳು. ಆಮೇಲೆ ಎದ್ದು ನಿಂತು ಸಭೆ ಮುಗಿಸುವ ಮಾತನ್ನು ಹೇಳಿದಳು. ಎಲ್ಲರ ಜೊತೆ ಖೆಥಿಸಾನೂ 'ಮಳೆ' ಎಂದ.